ಹಳೇ ಫ್ರಿಡ್ಜಿಗೆ ಮೂರು ಬೆಲೆ

ಹತ್ತು ವರ್ಷ ಓಡಿದ ಒಂದು ಸಿಂಗಲ್ ಡೋರ್ ಫ್ರಿಡ್ಜ್ ಮನೆಯಲ್ಲಿದೆ ಅಂದುಕೊಳ್ಳಿ. ಇನ್ನೂ ತಣ್ಣಗೆ ಮಾಡುತ್ತದೆ. ಮಾರಬೇಕು ಅಂತ ಮೂರು ಜನರನ್ನು ಕೇಳಿದರೆ ಮೂರು ಬೆಲೆ ಬರುತ್ತದೆ. ಹೊಸದಾಗಿ ಕೆಲಸಕ್ಕೆ ಸೇರಿ ರೂಮ್ ಮಾಡಿದ ಹುಡುಗ ಬಾಗಿಲು ತೆಗೆದು, ಫ್ರೀಜರ್‌ಗೆ ಕೈಯಿಟ್ಟು ನೋಡಿ, ಮೂರು ಸಾವಿರವೋ ನಾಲ್ಕು ಸಾವಿರವೋ ಕೊಡುತ್ತೇನೆ ಅನ್ನುತ್ತಾನೆ. ಸೆಕೆಂಡ್ ಹ್ಯಾಂಡ್ ಅಂಗಡಿಯವರು ಸಾವಿರ, ಹೆಚ್ಚೆಂದರೆ ಹದಿನೈದು ನೂರು ಅನ್ನುತ್ತಾರೆ. ಅವರು ಸಣ್ಣಪುಟ್ಟ ಕೆಲಸ ಮಾಡಿಸಿ, ಲಾಭ ಇಟ್ಟುಕೊಂಡು ಅಂಥದ್ದೇ ಹುಡುಗನಿಗೆ ಮಾರಬೇಕಲ್ಲ. ಗುಜರಿಯವರು ಮಾತ್ರ ಬಾಗಿಲು ತೆಗೆದೂ ನೋಡುವುದಿಲ್ಲ. ಸೀದಾ ಹಿಂದಕ್ಕೆ ಹೋಗಿ, ಕಂಪ್ರೆಸರ್ ಇದೆಯಾ ಅಂತ ಬಗ್ಗಿ ನೋಡಿ, ಐನೂರು ಅನ್ನುತ್ತಾರೆ.

ಮೊತ್ತ ಊರಿಂದ ಊರಿಗೆ, ವರ್ಷದಿಂದ ವರ್ಷಕ್ಕೆ ಬೇರೆಯಾಗಬಹುದು. ಅವುಗಳ ನಡುವಿನ ಅಂತರ ಮಾತ್ರ ಎಲ್ಲ ಕಡೆ ಹೀಗೇ ಇರುತ್ತದೆ. ಹುಡುಗ ಬೆಲೆ ಕಟ್ಟಿದ್ದು ತಂಪಿಗೆ. ಅಂಗಡಿಯವರು ಕಟ್ಟಿದ್ದು ರಿಪೇರಿ ಮಾಡಿದರೆ ಉಳಿಯುವ ಆಯಸ್ಸಿಗೆ. ಗುಜರಿಯವರು ಕಟ್ಟಿದ್ದು ಕಬ್ಬಿಣ, ತಾಮ್ರದ ತೂಕಕ್ಕೆ. ಮಿಕ್ಸಿ, ವಾಷಿಂಗ್ ಮಷೀನ್, ಟಿವಿ, ಎಸಿ ಎಲ್ಲದಕ್ಕೂ ಇದೇ ಮೂರು ಮೆಟ್ಟಿಲು. ಸಾಮಾನು ತಾನಾಗಿ ಕೆಳಗೆ ಇಳಿಯುತ್ತದೆ. ಮೇಲೆ ಹತ್ತಿಸಬೇಕೆಂದರೆ ದುಡ್ಡು ಹಾಕಬೇಕು.

ಆ ಇಳಿತ ಅತಿ ವೇಗವಾಗಿ ಆಗುವ ಜಾಗ ನಮ್ಮ ಮನೆಯ ಅಟ್ಟ. ಹೊಸದು ಬಂತು, ಹಳೆಯದು ಓಡುತ್ತಿದೆ, 'ಇರಲಿ, ಯಾವತ್ತಾದರೂ ಬೇಕಾಗುತ್ತೆ' ಅಂತ ಮೇಲೆ ತಳ್ಳುತ್ತೇವೆ. ಸುಮ್ನೆ ಇಟ್ಟರೆ ಏನಾಗುತ್ತೆ ಅಂತೀರಾ? ಬಾಗಿಲ ರಬ್ಬರ್ ಒಣಗಿ ಬಿರುಕು ಬಿಡುತ್ತದೆ. ವಾಷಿಂಗ್ ಮಷೀನ್ ತಳದಲ್ಲಿ ಉಳಿದ ನೀರು ಬೂಷ್ಟು ಹಿಡಿಸುತ್ತದೆ. ಇಲಿ ವೈರ್ ಕಡಿಯುತ್ತದೆ. ಆ ಮಾಡೆಲ್ಲಿನ ಬಿಡಿಭಾಗ ಮಾರ್ಕೆಟ್ಟಿನಿಂದ ಮಾಯವಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಕೊಳ್ಳುವವರು 'ಒಂದ್ಸಲ ಆನ್ ಮಾಡಿ ತೋರಿಸಿ ಸಾರ್' ಅಂದಾಗ ತೋರಿಸಲು ಆಗುವುದಿಲ್ಲ. ಅಲ್ಲಿಗೆ ಅದು ಮೊದಲ ಮೆಟ್ಟಿಲಿಂದ ನೇರವಾಗಿ ಮೂರನೆಯದಕ್ಕೆ ಬಿತ್ತು. ಮಾರುವ ಮನಸ್ಸಿದ್ದರೆ, ಹಳೆಯದು ಪ್ಲಗ್‌ನಲ್ಲಿ ಇನ್ನೂ ಓಡುತ್ತಿರುವಾಗಲೇ ಗಿರಾಕಿ ನೋಡಬೇಕು.

ಕೆಟ್ಟಿದೆ ಅನ್ನುವ ಮೊದಲು

ಫ್ರಿಡ್ಜ್ ತಣ್ಣಗಾಗುತ್ತಿಲ್ಲ ಅಂದ ಕೂಡಲೇ 'ಕಂಪ್ರೆಸರ್ ಹೋಗಿದೆ, ಹೊಸದು ತಗೊಳ್ಳಿ' ಅನ್ನುವ ಮಾತು ಬರುತ್ತದೆ. ಕಂಪ್ರೆಸರ್ ಹೋಗುವುದು ಉಂಟು. ಆದರೆ ಅದಕ್ಕೆ ಮೊದಲು ನೋಡಬೇಕಾದ ಅಗ್ಗದ ಭಾಗಗಳು ಮೂರ್ನಾಲ್ಕಿವೆ, ಮತ್ತು ಯಾವುದು ಕೆಟ್ಟಿದೆ ಅನ್ನುವುದನ್ನು ಫ್ರಿಡ್ಜೇ ಸುಮಾರಾಗಿ ಹೇಳುತ್ತದೆ.

ಒಳಗೆ ಲೈಟ್ ಹತ್ತುತ್ತಿದೆ, ಹಿಂದಿನಿಂದ ಸದ್ದೇ ಇಲ್ಲ ಅಂದರೆ ಮೊದಲ ಅನುಮಾನ, ತಂಪು ನೋಡಿ ಕಂಪ್ರೆಸರನ್ನು ಆನ್, ಆಫ್ ಮಾಡುವ ಥರ್ಮೋಸ್ಟಾಟ್ ಮೇಲೆ. ಆಗಾಗ 'ಟಕ್' ಅಂತ ಸದ್ದು ಬಂದು, ಕಂಪ್ರೆಸರ್ ಎದ್ದೇಳಲು ಹೋಗಿ ಸುಮ್ಮನಾಗುತ್ತಿದ್ದರೆ, ಅದರ ಪಕ್ಕದಲ್ಲೇ ಪುಟ್ಟ ಪ್ಲಾಸ್ಟಿಕ್ ಡಬ್ಬಿಯಲ್ಲಿರುವ, ಕಂಪ್ರೆಸರನ್ನು ಶುರು ಮಾಡಿಸುವ ರಿಲೇ ಮತ್ತು ಅದು ಬಿಸಿಯಾದರೆ ಕರೆಂಟ್ ಕಡಿಯುವ ಓವರ್‌ಲೋಡ್ ಪ್ರೊಟೆಕ್ಟರ್ ನೋಡಿಸಿ. ಇವು ನೂರರ ಲೆಕ್ಕದ ಸಾಮಾನು, ಕಂಪ್ರೆಸರ್ ಸಾವಿರದ ಲೆಕ್ಕದ್ದು. ಕಂಪ್ರೆಸರ್ ನಿಲ್ಲದೆ ಓಡುತ್ತಿದೆ, ಫ್ರೀಜರ್‌ನಲ್ಲಿ ಮಂಜು ಗುಡ್ಡೆ ಕಟ್ಟುತ್ತಿದೆ ಅಂದರೆ ಬಾಗಿಲ ರಬ್ಬರ್ ಸಡಿಲವಾಗಿರಬಹುದು. ಹತ್ತು ರೂಪಾಯಿ ನೋಟನ್ನು ಬಾಗಿಲ ಸಂದಿಗೆ ಇಟ್ಟು ಮುಚ್ಚಿ, ಎಳೆದು ನೋಡಿ. ಬಿಗಿಯಾಗಿ ಹಿಡಿದುಕೊಂಡರೆ ಸರಿ. ಸಲೀಸಾಗಿ ಬಂದರೆ ಅಲ್ಲಿಂದ ತಂಪು ಸೋರುತ್ತಿದೆ. ನಾಲ್ಕೂ ಬದಿ ನೋಡಬೇಕು, ಮುಖ್ಯವಾಗಿ ಹಿಂಜ್ ಇರುವ ಕಡೆ. ಇನ್ನು, ಕಂಪ್ರೆಸರ್ ಬಿಡದೆ ಓಡುತ್ತಿದ್ದರೂ ಫ್ರೀಜರಿನ ಒಂದೇ ಮೂಲೆಯಲ್ಲಿ ಮಾತ್ರ ಮಂಜು ಕಂಡರೆ ಅದು ಗ್ಯಾಸ್ ಕಡಿಮೆಯಾದ ಲಕ್ಷಣ.

ಗ್ಯಾಸ್ ವಿಷಯದಲ್ಲಿ ಒಂದು ಮಾತು. ಫ್ರಿಡ್ಜಿನ ಗ್ಯಾಸ್ ಪೆಟ್ರೋಲಿನಂತೆ ಖರ್ಚಾಗುವ ವಸ್ತುವಲ್ಲ. ಮುಚ್ಚಿದ ಕೊಳವೆಯಲ್ಲಿ ಅದೇ ಗ್ಯಾಸ್ ವರ್ಷಗಟ್ಟಲೆ ಸುತ್ತುತ್ತದೆ. ಕಡಿಮೆಯಾಗಿದೆ ಅಂದರೆ ಎಲ್ಲೋ ತೂತಾಗಿದೆ ಅಂತಲೇ ಅರ್ಥ. ತೂತು ಹುಡುಕದೆ ಗ್ಯಾಸ್ ತುಂಬಿಸಿದರೆ ಕೆಲವೇ ತಿಂಗಳಲ್ಲಿ ಮತ್ತೆ ಅದೇ ಕಥೆ. ಈಚಿನ ಫ್ರಿಡ್ಜ್‌ಗಳಲ್ಲಿ ಕೊಳವೆ ಪಕ್ಕದ ಗೋಡೆಯೊಳಗೆ, ಫೋಮಿನ ಮಧ್ಯೆ ಹೋಗಿರುತ್ತದೆ. ತೂತು ಅಲ್ಲಿದ್ದರೆ ರಿಪೇರಿ ಲಾಭವಿಲ್ಲ, ಬಿಟ್ಟುಬಿಡಿ.

ಎಷ್ಟರವರೆಗೆ ರಿಪೇರಿಗೆ ಖರ್ಚು ಮಾಡಬಹುದು? 'ಹೊಸದರ ಅರ್ಧ ಬೆಲೆ ದಾಟಬಾರದು' ಅನ್ನುವ ಲೆಕ್ಕ ಬಹಳ ಜನ ಹೇಳುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಅಂಥದ್ದೇ ವಯಸ್ಸಿನ, ಓಡುತ್ತಿರುವ ಸೆಕೆಂಡ್ ಹ್ಯಾಂಡ್ ಎಷ್ಟಕ್ಕೆ ಸಿಗುತ್ತೆ ಅಂತ ನೋಡಿ. ರಿಪೇರಿ ಖರ್ಚು ಅದನ್ನು ದಾಟಿದರೆ ನಿಲ್ಲಿಸಿ. ಮೂರು ಸಾವಿರಕ್ಕೆ ಹೋಗುವ ಫ್ರಿಡ್ಜಿಗೆ ಐದು ಸಾವಿರದ ಕಂಪ್ರೆಸರ್ ಹಾಕಿಸಿ ಏನು ಮಾಡುತ್ತೀರಿ?

ವಾಷಿಂಗ್ ಮಷೀನಿನಲ್ಲಿ ಬೆಲ್ಟ್, ಡ್ರೈನ್ ಪಂಪ್, ನೀರಿನ ವಾಲ್ವ್, ಕೆಪಾಸಿಟರ್ ಇವೆಲ್ಲ ಸುಲಭದ ಕೆಲಸ. ಡ್ರಮ್ಮಿನ ಬೇರಿಂಗ್ ಹೋದರೆ ಪೂರ್ತಿ ಬಿಚ್ಚಬೇಕು, ಕೂಲಿ ಜಾಸ್ತಿ. ಮಷೀನನ್ನು ನಡೆಸುವ ಎಲೆಕ್ಟ್ರಾನಿಕ್ ಬೋರ್ಡ್ ಹೋಗಿ, ಮಾಡೆಲ್ ಹಳೆಯದಾಗಿದ್ದರೆ ಬೋರ್ಡ್ ಸಿಗುವುದೇ ಕಷ್ಟ. ಬೆಂಗಳೂರಿನವರಾದರೆ ಎಲೆಕ್ಟ್ರಾನಿಕ್ ಬಿಡಿಭಾಗದ ಅಂಗಡಿಗಳಿರುವ ಎಸ್.ಪಿ. ರೋಡಿನಲ್ಲಿ ಒಮ್ಮೆ ವಿಚಾರಿಸಿ. ಸೆಮಿ ಆಟೋಮ್ಯಾಟಿಕ್ ಮಷೀನುಗಳಿಗೆ ಬೋರ್ಡಿನ ಗೋಜೇ ಇಲ್ಲ. ಎರಡು ಟೈಮರ್, ಎರಡು ಮೋಟರ್, ಅಷ್ಟೇ. ಅದಕ್ಕೇ ಸಣ್ಣ ಊರುಗಳಲ್ಲಿ ಹಳೇ ಸೆಮಿ ಆಟೋಮ್ಯಾಟಿಕ್‌ಗೆ ಇವತ್ತಿಗೂ ಗಿರಾಕಿ ಇದ್ದಾರೆ.

ಮಿಕ್ಸಿ ಸತ್ತಿದೆ ಅಂದರೆ ತಲೆಕೆಳಗು ಮಾಡಿ ನೋಡಿ. ಬಹಳಷ್ಟು ಮಿಕ್ಸಿಗಳ ತಳದಲ್ಲಿ ಪುಟ್ಟ ಕೆಂಪು ಬಟನ್ ಇರುತ್ತದೆ. ಚಟ್ನಿಗೆ ಗಟ್ಟಿ ಕೊಬ್ಬರಿ ಹಾಕಿ ಮೋಟರ್ ಬಿಸಿಯಾದಾಗ ಅದು ಹೊರಗೆ ನೆಗೆದು ಕರೆಂಟ್ ಕಡಿಯುತ್ತದೆ. ತಣ್ಣಗಾದ ಮೇಲೆ ಒತ್ತಿದರೆ ಮಿಕ್ಸಿ ಮತ್ತೆ ಶುರು. ಈ ಬಟನ್ ಗೊತ್ತಿಲ್ಲದೆ ಗುಜರಿಗೆ ಹೋದ ಮಿಕ್ಸಿಗಳು ಎಷ್ಟಿರಬೇಕು!

ಒಂದು ವಸ್ತುವನ್ನಂತೂ ನೀವೇ ಬಿಚ್ಚಲೇಬೇಡಿ: ಮೈಕ್ರೋವೇವ್ ಓವನ್. ಅದರ ಕೆಪಾಸಿಟರ್ ಸಾವಿರಾರು ವೋಲ್ಟ್‌ನಲ್ಲಿ ಕೆಲಸ ಮಾಡುವಂಥದ್ದು, ಪ್ಲಗ್ ತೆಗೆದ ಮೇಲೂ ಚಾರ್ಜ್ ಉಳಿದಿರಬಹುದು.

ರಿಪೇರಿ ಕಲಿಯುವ ಆಸೆ ಇದ್ದವರಿಗೆ ಬೆಂಗಳೂರಿನಲ್ಲಿ 2015ರಿಂದ ರಿಪೇರ್ ಕೆಫೆ ಅನ್ನುವ ಗುಂಪು ಇದೆ. 2009ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಶುರುವಾದ ಪದ್ಧತಿ ಇದು. ಕೆಟ್ಟ ಸಾಮಾನು ತಗೊಂಡು ಹೋದರೆ, ಗೊತ್ತಿರುವವರ ಜೊತೆ ಕೂತು ನೀವೇ ಬಿಚ್ಚಿ ಸರಿಮಾಡುವುದು.

ಓಡುತ್ತಿದ್ದರೂ ಬಿಡಬೇಕಾದ ಸಾಮಾನು

ಹಳೆಯದನ್ನು ಉಳಿಸಿಕೊಳ್ಳುವುದೇ ಯಾವಾಗಲೂ ಒಳ್ಳೆಯದು ಅಂತೇನಿಲ್ಲ. ಕರೆಂಟ್ ಬಿಲ್ ನೋಡಬೇಕು.

ಹದಿನೈದಿಪ್ಪತ್ತು ವರ್ಷದ ಫ್ರಿಡ್ಜ್ ವರ್ಷಕ್ಕೆ ನಾನೂರು ಯೂನಿಟ್‌ಗೂ ಜಾಸ್ತಿ ತಿನ್ನುವುದು ಸಾಮಾನ್ಯ. ಈಗಿನ ಅದೇ ಅಳತೆಯ ಒಳ್ಳೆಯ ಸ್ಟಾರ್‌ನ ಸಿಂಗಲ್ ಡೋರ್ ಅದರ ಅರ್ಧದಲ್ಲಿ ಮುಗಿಸುತ್ತದೆ. ಹಳೆಯದರ ಮೇಲೂ ಐದು ಸ್ಟಾರ್ ಇದೆಯಲ್ಲ ಅಂತ ಬೀಗಬೇಡಿ. ಸ್ಟಾರ್ ಅನ್ನುವುದು ಆ ಕಾಲದ ಅಳತೆಗೋಲು. ಆಗಾಗ ಅದನ್ನು ಬಿಗಿ ಮಾಡುತ್ತಾರೆ. ಎಸಿಗೆ 2022ರ ಜುಲೈನಲ್ಲಿ ಬಿಗಿ ಮಾಡಿದಾಗ ಅವತ್ತಿನವರೆಗೆ ಐದು ಸ್ಟಾರ್ ಇದ್ದದ್ದು ಒಂದೇ ಏಟಿಗೆ ನಾಲ್ಕಕ್ಕೆ ಇಳಿಯಿತು. ಲೇಬಲ್ ಮೇಲೆ ಸ್ಟಾರ್ ಬಿಟ್ಟು, ಅದು ಯಾವ ವರ್ಷದ ಲೇಬಲ್, ವರ್ಷಕ್ಕೆ ಎಷ್ಟು ಯೂನಿಟ್ ಅಂತ ಬರೆದಿದೆ, ಅದನ್ನು ಓದಿ.

ಕರ್ನಾಟಕದಲ್ಲಿ ಇದಕ್ಕೆ ಇನ್ನೊಂದು ಲೆಕ್ಕ ಸೇರುತ್ತದೆ, ಗೃಹಜ್ಯೋತಿ. 2023ರಲ್ಲಿ ಬಂದ ಈ ಯೋಜನೆಯಲ್ಲಿ ಎಲ್ಲರಿಗೂ 200 ಯೂನಿಟ್ ಉಚಿತ ಅಲ್ಲ. 2022-23ರಲ್ಲಿ ನೀವು ತಿಂಗಳಿಗೆ ಸರಾಸರಿ ಎಷ್ಟು ಬಳಸಿದ್ದಿರೋ ಅದರ ಮೇಲೆ ಶೇಕಡಾ 10 (ಬಳಕೆ ತೀರಾ ಕಡಿಮೆ ಇದ್ದವರಿಗೆ 10 ಯೂನಿಟ್) ಸೇರಿಸಿ ನಿಮ್ಮ ಮಿತಿ. ಮಿತಿ ದಾಟಿದರೆ ಜಾಸ್ತಿಯಾದಷ್ಟಕ್ಕೆ ದುಡ್ಡು; 200 ದಾಟಿದರೆ ಪೂರ್ತಿ ಬಿಲ್. ನಿಮ್ಮ ಸರಾಸರಿ 140 ಇತ್ತು ಅಂದರೆ ಮಿತಿ 154. ಹೊಸ ಫ್ರಿಡ್ಜ್ ತಂದು, ಹಳೆಯದನ್ನು 'ತರಕಾರಿಗೆ ಇರಲಿ' ಅಂತ ಹಿತ್ತಲಲ್ಲಿ ಓಡಿಸಿದರೆ ತಿಂಗಳಿಗೆ ಸುಮಾರು 35 ಯೂನಿಟ್ ಸೇರುತ್ತದೆ. ಉಚಿತದ ಮಿತಿ ದಾಟಿತು. ಬೇಸಿಗೆಯಲ್ಲಿ ಫ್ಯಾನ್, ಕೂಲರ್ ಸೇರಿ 200 ದಾಟಿದರೆ ಸಾವಿರದ ಮೇಲೆ ಬಿಲ್ ಬರುತ್ತದೆ.

ಇದೇ ಕಾರಣಕ್ಕೆ 'ಕೆಲಸದಮ್ಮನಿಗೆ ಕೊಟ್ಟುಬಿಡೋಣ' ಅನ್ನುವ ಮಾತು ನನಗೆ ಸ್ವಲ್ಪ ಇರಿಸುಮುರುಸು. ಅವರ ಮನೆಯ ಬಳಕೆ ಕಡಿಮೆ ಇರುತ್ತದೆ, ಹಾಗಾಗಿ ಅವರ ಉಚಿತ ಮಿತಿಯೂ ಕಡಿಮೆ. ಕರೆಂಟ್ ತಿನ್ನುವ ಫ್ರಿಡ್ಜ್ ಕೊಟ್ಟರೆ ಉಡುಗೊರೆಯ ಜೊತೆ ಬಿಲ್ಲನ್ನೂ ಕೊಟ್ಟಂತೆ. ಕೊಡುವುದಾದರೆ ಮಿಕ್ಸಿ, ಗ್ರೈಂಡರ್, ಸೆಮಿ ಆಟೋಮ್ಯಾಟಿಕ್ ಮಷೀನ್ ಕೊಡಿ. ಬೇಕಾ ಅಂತ ಮೊದಲು ಕೇಳಿ, ರಿಪೇರಿ ಮಾಡಿಸಿ ಕೊಡಿ.

ಮಾರುವ ಕಾಲ, ಮಾರುವ ರೀತಿ

ಹಳೇ ಸಾಮಾನಿಗೂ ಸೀಸನ್ ಇದೆ. ಫ್ರಿಡ್ಜ್, ಎಸಿಗೆ ಶಿವರಾತ್ರಿಯಿಂದ ಮೇ ತಿಂಗಳವರೆಗೆ. ವಾಷಿಂಗ್ ಮಷೀನಿಗೆ ಜೂನ್. ಮಳೆ ಹಿಡಿದು ಬಟ್ಟೆ ಒಣಗದಿದ್ದಾಗ ಡ್ರೈಯರ್ ನೆನಪಾಗುತ್ತದೆ, ಕಾಲೇಜು ಸೇರುವವರು ರೂಮ್ ಮಾಡುವುದೂ ಆಗಲೇ. ಗೀಸರ್‌ಗೆ ಚಳಿ ಶುರುವಾಗುವ ಹೊತ್ತು. ನಾವೆಲ್ಲ ಹೊಸದು ಕೊಳ್ಳುವುದು ದಸರಾ, ದೀಪಾವಳಿ ಆಫರ್‌ನಲ್ಲಿ. ಹಾಗಾಗಿ ಹಳೆಯದು ಮಾರ್ಕೆಟ್ಟಿಗೆ ಬರುವುದೂ ಎಲ್ಲರದ್ದೂ ಒಟ್ಟಿಗೇ.

ಆ ಹಬ್ಬದ ಎಕ್ಸ್‌ಚೇಂಜ್ ಆಫರ್ ಒಂದು ಮಜಾ. 'ಹಳೆಯದಕ್ಕೆ ನಾಲ್ಕು ಸಾವಿರ' ಅಂತ ಬೋರ್ಡ್ ಇರುತ್ತದೆ. ಅಂಗಡಿಗೆ ಹೋದಾಗ ಹಳೆಯದರ ಮಾತೇ ಎತ್ತಬೇಡಿ. ಹೊಸದರ ಕೊನೆಯ ಬೆಲೆ ಎಷ್ಟು ಅಂತ ಚೌಕಾಸಿ ಮಾಡಿ ಮುಗಿಸಿ. ಆಮೇಲೆ 'ಹಳೆಯದು ಒಂದಿದೆ' ಅನ್ನಿ. ಆಗ ಎಷ್ಟು ಇಳಿಸುತ್ತಾರೋ ಅದೇ ನಿಮ್ಮ ಹಳೆಯದರ ನಿಜವಾದ ಬೆಲೆ. ಅದು ತುಂಬಾ ಕಡಿಮೆ ಇದ್ದರೆ ಹೊರಗೆ ಮಾರಿ. ಕೆಟ್ಟುಹೋದ ಸಾಮಾನಿಗೆ ಮಾತ್ರ ಎಕ್ಸ್‌ಚೇಂಜೇ ಲಾಭ, ಯಾಕೆಂದರೆ ಕೆಲವು ಅಂಗಡಿಯವರು ಓಡುತ್ತಾ ಇಲ್ಲವಾ ಅಂತ ನೋಡದೆ ಒಂದೇ ರೇಟ್ ಹಾಕುತ್ತಾರೆ. ಮೂರನೇ ಮಹಡಿಯಿಂದ ಇಳಿಸುವ ಕೂಲಿಯೂ ಅವರದೇ ಆದರೆ ಇನ್ನೂ ಒಳ್ಳೆಯದು.

ಆನ್‌ಲೈನ್‌ನಲ್ಲಿ ಹಾಕುವುದಾದರೆ 'ಗುಡ್ ಕಂಡಿಷನ್' ಅಂತ ಬರೆದು ಪ್ರಯೋಜನವಿಲ್ಲ, ಎಲ್ಲರೂ ಅದನ್ನೇ ಬರೆಯುತ್ತಾರೆ. ಕೊಂಡ ವರ್ಷ, ಹಿಂದಿನ ನೇಮ್ ಪ್ಲೇಟಿನ ಫೋಟೋ, ಏನೇನು ಬದಲಾಯಿಸಿದ್ದೀರಿ, ಎಲ್ಲಿ ತುಕ್ಕು ಹಿಡಿದಿದೆ ಇಷ್ಟು ಹಾಕಿ. ದೋಷ ಮೊದಲೇ ಹೇಳಿದರೆ ಮನೆ ಬಾಗಿಲಲ್ಲಿ ನಿಂತು ಬೆಲೆ ಇಳಿಸುವ ಮಾತು ಕಡಿಮೆಯಾಗುತ್ತದೆ. ಸ್ಮಾರ್ಟ್ ಟಿವಿ ಕೊಡುವ ಮೊದಲು ನಿಮ್ಮ ಲಾಗಿನ್‌ಗಳನ್ನೆಲ್ಲ ತೆಗೆದು ಫ್ಯಾಕ್ಟರಿ ರೀಸೆಟ್ ಮಾಡಿ.

ಮೋಸದ ಫೋನ್ ಬರುವುದು ಹಾಕಿದ ಐದೇ ನಿಮಿಷಕ್ಕೆ. ಸಾಮಾನು ನೋಡುವುದೂ ಇಲ್ಲ, ಚೌಕಾಸಿಯೂ ಇಲ್ಲ. 'ನಾನು ಆರ್ಮಿಯಲ್ಲಿದ್ದೇನೆ, ಟ್ರಾನ್ಸ್‌ಫರ್ ಆಗಿದೆ, ದುಡ್ಡು ಈಗಲೇ ಹಾಕ್ತೀನಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿ' ಅನ್ನುತ್ತಾರೆ. ಯುಪಿಐ ಪಿನ್ ಬೇಕಾಗುವುದು ದುಡ್ಡು ಕೊಡಲು, ಬ್ಯಾಲೆನ್ಸ್ ನೋಡಲು. ಬರುವ ದುಡ್ಡಿಗೆ ಪಿನ್ ಒತ್ತುವ ಕೆಲಸವೇ ಇಲ್ಲ. ದುಡ್ಡು ಹೋಗಿಬಿಟ್ಟಿದ್ದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಸಾಗಿಸುವಾಗ ಫ್ರಿಡ್ಜ್ ನೆಟ್ಟಗೆ ನಿಂತಿರಬೇಕು. ಮಲಗಿಸಿದರೆ ಕಂಪ್ರೆಸರಿನ ಎಣ್ಣೆ ಕೊಳವೆಗೆ ಹರಿಯುತ್ತದೆ. ಮಲಗಿಸಲೇಬೇಕಾಗಿ ಬಂದಿದ್ದರೆ, ಇಳಿಸಿದ ಮೇಲೆ ಕೆಲವು ಗಂಟೆ ನೆಟ್ಟಗೆ ನಿಲ್ಲಿಸಿ ಆಮೇಲೆ ಪ್ಲಗ್ ಹಾಕಲು ಕೊಂಡವರಿಗೆ ಹೇಳಿ. ಫ್ರಂಟ್ ಲೋಡ್ ಮಷೀನಾದರೆ, ಕೊಂಡಾಗ ಹಿಂದಿನಿಂದ ಬಿಚ್ಚಿದ ಟ್ರಾನ್ಸಿಟ್ ಬೋಲ್ಟ್‌ಗಳನ್ನು ಮತ್ತೆ ಹಾಕಬೇಕು. ಇಲ್ಲದಿದ್ದರೆ ಟೆಂಪೋ ಕುಲುಕಾಟಕ್ಕೆ ಡ್ರಮ್ ಒಳಗೇ ಬಡಿದುಕೊಳ್ಳುತ್ತದೆ.

ಎಸಿ ಬಿಚ್ಚುವಾಗ

ಎಸಿಯದ್ದು ಬೇರೆಯೇ ಕಥೆ. ಗ್ಯಾಸ್ ಒಳಗಿನ ಯೂನಿಟ್, ಹೊರಗಿನ ಯೂನಿಟ್, ನಡುವಿನ ತಾಮ್ರದ ಪೈಪ್ ಮೂರರಲ್ಲೂ ಇರುತ್ತದೆ. ಅವಸರದ ಮೆಕ್ಯಾನಿಕ್ ಪೈಪ್ ಬಿಚ್ಚಿಯೇ ಬಿಡುತ್ತಾನೆ. ಬುಸ್ ಅಂತ ಗ್ಯಾಸ್ ಗಾಳಿಗೆ ಹೋಗುತ್ತದೆ. ಸರಿಯಾದ ಕ್ರಮಕ್ಕೆ ಪಂಪ್ ಡೌನ್ ಅನ್ನುತ್ತಾರೆ. ಎಸಿ ಓಡುತ್ತಿರುವಾಗಲೇ ಹೊರಗಿನ ಯೂನಿಟ್ಟಿನ ತೆಳ್ಳಗಿನ ಪೈಪಿನ ವಾಲ್ವ್ ಮುಚ್ಚುವುದು. ಕಂಪ್ರೆಸರ್ ಉಳಿದ ಗ್ಯಾಸನ್ನೆಲ್ಲ ಹೊರಗಿನ ಯೂನಿಟ್ಟಿಗೆ ಎಳೆದುಕೊಂಡ ಮೇಲೆ ದಪ್ಪ ಪೈಪಿನ ವಾಲ್ವ್ ಮುಚ್ಚಿ, ತಕ್ಷಣ ಆಫ್ ಮಾಡುವುದು. ಗೊತ್ತಿರುವವರಿಗೆ ಕೆಲವೇ ನಿಮಿಷದ ಕೆಲಸ. 'ಪಂಪ್ ಡೌನ್ ಮಾಡ್ತೀರಾ?' ಅಂತ ಬರುವ ಮೊದಲೇ ಕೇಳಿಬಿಡಿ. ಗ್ಯಾಸ್ ಉಳಿದರೆ ಕೊಂಡವರಿಗೆ ಗ್ಯಾಸ್ ತುಂಬಿಸುವ ಖರ್ಚು ಉಳಿಯುತ್ತದೆ, ಅಷ್ಟು ಬೆಲೆ ನೀವು ಜಾಸ್ತಿ ಕೇಳಬಹುದು.

ಇನ್ನೊಂದು ಲೆಕ್ಕವೂ ಇದೆ. ಹಳೇ ಎಸಿಗಳಲ್ಲಿ ಇರುವ ಆರ್-22 ಅನ್ನುವ ಗ್ಯಾಸ್ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 1,800 ಪಟ್ಟು ಜೋರು. ಒಂದು ಕಿಲೋ ಗ್ಯಾಸ್ ಬಿಟ್ಟರೆ 1.8 ಟನ್ ಡೈಆಕ್ಸೈಡ್ ಬಿಟ್ಟಂತೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಬರುವುದು 2.3 ಕಿಲೋ. ಅಂದರೆ ಲೀಟರಿಗೆ 45 ಕಿಲೋಮೀಟರ್ ಕೊಡುವ ಸ್ಕೂಟರಿನಲ್ಲಿ ಹತ್ತಿರ ಹತ್ತಿರ 35,000 ಕಿಲೋಮೀಟರ್ ಓಡಿಸಿದಾಗ ಬರುವ ಹೊಗೆ, ಆ ಒಂದು 'ಬುಸ್'ನಲ್ಲಿ ಮುಗಿಯಿತು. ಆರ್-22 ಓಝೋನ್ ಪದರಕ್ಕೂ ಕೇಡು.

ಫ್ರಿಡ್ಜಿನಲ್ಲಿ ಗ್ಯಾಸ್ ನೂರಿನ್ನೂರು ಗ್ರಾಂ ಅಷ್ಟೇ. ಹೊಸ ಫ್ರಿಡ್ಜ್‌ಗಳಲ್ಲಿರುವ ಆರ್-600ಎ ಹವೆಗೆ ಅಷ್ಟು ಕೆಟ್ಟದ್ದಲ್ಲ, ಆದರೆ ಬೆಂಕಿ ಹತ್ತುತ್ತದೆ. ಕಂಪ್ರೆಸರ್ ಮೇಲೆ ಹಳದಿ ತ್ರಿಕೋನದಲ್ಲಿ ಜ್ವಾಲೆಯ ಚಿತ್ರ ಇದ್ದರೆ, ಅದು ಗೊತ್ತಿರುವ ಮೆಕ್ಯಾನಿಕ್ ಕೈಗೇ ಕೊಡಿ.

ಗುಜರಿಗೆ ಯಾವುದು, ಎಲ್ಲಿಗೆ ಯಾವುದು

ಗುಜರಿಯವರನ್ನು ಬೈಯುವುದು ಸುಲಭ. ಆದರೆ ಮನೆ ಬಾಗಿಲಿಗೆ ಬಂದು, ತೂಕ ಹಾಕಿ, ಕೈಗೆ ದುಡ್ಡು ಕೊಟ್ಟು, ಕಬ್ಬಿಣವನ್ನು ಮತ್ತೆ ಕುಲುಮೆಗೆ ಸೇರಿಸುವವರು ಅವರೇ. ತಾಮ್ರಕ್ಕೆ ಕಬ್ಬಿಣದ ಇಪ್ಪತ್ತು ಪಟ್ಟಿಗೂ ಜಾಸ್ತಿ ಬೆಲೆ, ಹಾಗಾಗಿ ಮೋಟರಿನ ವೈಂಡಿಂಗ್ ಒಂದು ಎಳೆಯೂ ಹಾಳಾಗುವುದಿಲ್ಲ. ಮಿಕ್ಸಿ, ಇಸ್ತ್ರಿ ಪೆಟ್ಟಿಗೆ, ಫ್ಯಾನ್, ಗೀಸರ್ ಟ್ಯಾಂಕ್, ಗ್ರೈಂಡರ್ ಇಂಥವು ಹೆಚ್ಚೂಕಡಿಮೆ ಬರೀ ಲೋಹ. ರಿಪೇರಿ ಆಗದಿದ್ದರೆ ಗುಜರಿಗೆ ಹೋದರೂ ದೊಡ್ಡ ಅನಾಹುತವಿಲ್ಲ, ವೈರನ್ನು ಸುಡದಿದ್ದರೆ. ಪ್ಲಾಸ್ಟಿಕ್ ಹೊದಿಕೆಯ ವೈರ್ ಸುಟ್ಟು ತಾಮ್ರ ತೆಗೆದಾಗ ಬರುವ ಹೊಗೆಯಲ್ಲಿ ಡಯಾಕ್ಸಿನ್‌ನಂಥ ವಿಷ ಇರುತ್ತದೆ.

ತೊಂದರೆ ಇರುವುದು ಬೆಲೆಯಿಲ್ಲದ ಭಾಗಗಳಲ್ಲಿ. ಫ್ರಿಡ್ಜಿನ ಫೋಮ್, ಗ್ಯಾಸ್ ಯಾರಿಗೂ ಬೇಡ. ಹಳೇ ಡಬ್ಬಾ ಟಿವಿಯ ಗಾಜಿನಲ್ಲಿ ಕಿಲೋಗಟ್ಟಲೆ ಸೀಸ ಬೆರೆತಿರುತ್ತದೆ. ತಾಮ್ರದ ಸುರುಳಿ ಕಿತ್ತುಕೊಂಡು ಗಾಜನ್ನು ರಸ್ತೆ ಬದಿ, ಕೆರೆ ಏರಿ ಮೇಲೆ ಎಸೆದದ್ದನ್ನು ನೀವೂ ನೋಡಿರುತ್ತೀರಿ. ಟ್ಯೂಬ್‌ಲೈಟಿನಲ್ಲಿ ಪಾದರಸ. ಹಾಗಾಗಿ ಫ್ರಿಡ್ಜ್, ಎಸಿ, ಡಬ್ಬಾ ಟಿವಿ, ಟ್ಯೂಬ್‌ಲೈಟ್, ಬ್ಯಾಟರಿ, ಸರ್ಕ್ಯೂಟ್ ಬೋರ್ಡ್ ಇವು ಗುಜರಿಗೆ ಬೇಡ. ವಿಶ್ವಸಂಸ್ಥೆಯ ಲೆಕ್ಕದಲ್ಲಿ 2022ರಲ್ಲಿ ಪ್ರಪಂಚದ ಇ-ತ್ಯಾಜ್ಯ, ಅಂದರೆ ಬಿಸಾಡಿದ ಎಲೆಕ್ಟ್ರಿಕ್, ಎಲೆಕ್ಟ್ರಾನಿಕ್ ಸಾಮಾನು, 6.2 ಕೋಟಿ ಟನ್. ಅದರಲ್ಲಿ ಸರಿಯಾದ ದಾರಿಯಲ್ಲಿ ಸಂಗ್ರಹವಾಗಿ ಮರುಬಳಕೆಗೆ ಹೋದದ್ದು ಶೇಕಡಾ 22.3 ಮಾತ್ರ.

ಕಾನೂನು ಏನು ಹೇಳುತ್ತದೆ? 2022ರ ಇ-ತ್ಯಾಜ್ಯ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಪಟ್ಟಿಯಲ್ಲಿ ನೂರಕ್ಕೂ ಹೆಚ್ಚು ಬಗೆಯ ಸಾಮಾನು ಇದೆ. ಮುಖ್ಯ ಹೊಣೆ ತಯಾರಿಸಿದ ಕಂಪನಿಯ ಮೇಲಿದೆ. ಮಾರಿದ ಸಾಮಾನಿನ ಒಂದು ಪಾಲು ಮರುಬಳಕೆ ಆಗಿದೆ ಅಂತ ಕಂಪನಿ ವರ್ಷವರ್ಷ ಸರ್ಟಿಫಿಕೇಟ್ ತೋರಿಸಬೇಕು. ಆ ಪಾಲು 2023-24ರಲ್ಲಿ ಶೇಕಡಾ 60 ಇತ್ತು, 2025-26ಕ್ಕೆ 70, 2027-28ರಿಂದ 80. ಸರ್ಟಿಫಿಕೇಟನ್ನು ಕಂಪನಿಗಳು ನೋಂದಾಯಿತ ಮರುಬಳಕೆ ಘಟಕದಿಂದ ಕೊಳ್ಳುತ್ತವೆ. ಅಂದರೆ ನಿಮ್ಮ ಸತ್ತ ಫ್ರಿಡ್ಜ್ ಈಗ ಅವರಿಗೆ ಬೇಕಾದ ವಸ್ತು. ಕಂಪನಿಯ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ 'ಇ-ವೇಸ್ಟ್ ಪಿಕಪ್ ಇದೆಯಾ' ಅಂತ ಕೇಳಲು ಸಂಕೋಚ ಬೇಡ. ಆದರೆ ಈ ಸರ್ಟಿಫಿಕೇಟ್ ಸಿಗುವುದು ಚಿನ್ನ, ತಾಮ್ರ, ಅಲ್ಯೂಮಿನಿಯಂ, ಕಬ್ಬಿಣ ಈ ನಾಲ್ಕು ಲೋಹಕ್ಕೆ. ಸೀಸದ ಗಾಜಿಗೆ ಇಲ್ಲ. ನನ್ನ ಪ್ರಕಾರ ಆ ನಿಯಮದ ದೊಡ್ಡ ತೂತು ಇದೇ.

ಕಂಪನಿಯವರು ಬರದಿದ್ದರೆ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ವೆಬ್‌ಸೈಟಿನಲ್ಲಿ ಅನುಮತಿ ಪಡೆದ ಘಟಕಗಳ ಪಟ್ಟಿ ಇದೆ. ಬೆಂಗಳೂರು ಈ ವಿಷಯದಲ್ಲಿ ಮುಂದೆಯೇ ಇತ್ತು. ದೇಶದಲ್ಲಿ ಮೊದಲು ಸರ್ಕಾರದ ಅನುಮತಿ ಪಡೆದ ಇ-ತ್ಯಾಜ್ಯ ಘಟಕಗಳಲ್ಲಿ ಒಂದಾದ ಇ-ಪರಿಸರ 2005ರಲ್ಲಿ ದಾಬಸ್‌ಪೇಟೆಯಲ್ಲಿ ಶುರುವಾಯಿತು. ಸಣ್ಣ ಸಾಮಾನಾದರೆ ವಾರ್ಡಿನ ಒಣ ಕಸ ಸಂಗ್ರಹ ಕೇಂದ್ರದಲ್ಲಿ ವಿಚಾರಿಸಿ. ಸಾಹಸ್‌ನಂಥ ಸಂಸ್ಥೆಗಳೂ ಇ-ತ್ಯಾಜ್ಯ ಸಂಗ್ರಹ ನಡೆಸುತ್ತವೆ. ಊರಲ್ಲಿ ಇದ್ಯಾವುದೂ ಇಲ್ಲದವರು ಎಕ್ಸ್‌ಚೇಂಜಿಗೆ ಕೊಡಬಹುದು, ಅಥವಾ ಅಪಾರ್ಟ್‌ಮೆಂಟ್, ಬೀದಿಯವರೆಲ್ಲ ಸೇರಿ ಒಂದು ಟೆಂಪೋದಷ್ಟು ಒಟ್ಟುಮಾಡಿ ಕರೆಸಬಹುದು. ಒಂದು ಟಿವಿಗೆ ಬರದವರು ಹದಿನೈದು ಟಿವಿಗೆ ಬರುತ್ತಾರೆ.

ಸತ್ತ ಮೇಲೂ ಕೆಲಸ

ಓಡದ ಫ್ರಿಡ್ಜ್ ಅಂದರೆ ತಂಪು, ಬಿಸಿ ಎರಡನ್ನೂ ತಡೆಯುವ ಗಟ್ಟಿ ಪೆಟ್ಟಿಗೆ. ಮೀನು ಮಾರುವವರು ಅದನ್ನು ಅಂಗಾತ ಮಲಗಿಸಿ ಐಸ್ ತುಂಬಿಡುವುದು ಹಲವು ಕಡೆ ಉಂಟು. ಚಳಿಗಾಲದಲ್ಲಿ ದೋಸೆ ಹಿಟ್ಟು ಉಬ್ಬದಿದ್ದರೆ, ಪಾತ್ರೆಯ ಪಕ್ಕ ಒಂದು ಚೊಂಬು ಬಿಸಿನೀರಿಟ್ಟು ಬಾಗಿಲು ಮುಚ್ಚಿದರೆ ಬೆಳಗ್ಗೆಗೆ ಹಿಟ್ಟು ರೆಡಿ. ಬಿತ್ತನೆ ಬೀಜ, ಬೇಳೆಕಾಳು ಇಲಿಗೆ ಸಿಗದಂತೆ ಇಡಲೂ ಆಗುತ್ತದೆ, ಬೀಜ ಚೆನ್ನಾಗಿ ಒಣಗಿರಬೇಕು ಅಷ್ಟೇ. ಆದರೆ ಮೊದಲು ಮೆಕ್ಯಾನಿಕ್ ಕರೆಸಿ ಗ್ಯಾಸ್ ತೆಗೆಸಿ, ಕಂಪ್ರೆಸರ್ ಬಿಚ್ಚಿಸಿ ಕೊಟ್ಟುಬಿಡಿ. ಮಕ್ಕಳು ಓಡಾಡುವ ಕಡೆ ಇಡುವುದಾದರೆ ಬಾಗಿಲನ್ನು ಕಿತ್ತುಹಾಕಿ ಹಲಗೆ ಮುಚ್ಚಿ. ಕಣ್ಣಾಮುಚ್ಚಾಲೆ ಆಡುತ್ತಾ ಹಳೇ ಫ್ರಿಡ್ಜಿನೊಳಗೆ ಸೇರಿ ಉಸಿರುಗಟ್ಟಿ ಸತ್ತ ಮಕ್ಕಳ ಸುದ್ದಿಗಳು ಬಂದಿವೆ. ಅಮೆರಿಕ ಇದಕ್ಕಾಗಿಯೇ 1956ರಲ್ಲಿ ಕಾನೂನು ಮಾಡಿತು, ಬಾಗಿಲು ಒಳಗಿನಿಂದಲೂ ತೆರೆಯುವಂತಿರಬೇಕು ಅಂತ.

ವಾಷಿಂಗ್ ಮಷೀನಿನ ಸ್ಟೀಲ್ ಡ್ರಮ್ಮನ್ನು ಗುಜರಿಗೆ ಹಾಕಬೇಡಿ. ತುಕ್ಕು ಹಿಡಿಯುವುದಿಲ್ಲ, ಸುತ್ತ ತೂತಿರುವುದರಿಂದ ನೀರು ನಿಲ್ಲುವುದಿಲ್ಲ. ತಾರಸಿಯಲ್ಲಿ ಕರಿಬೇವು, ನಿಂಬೆ ಬೆಳೆಸಲು ಹೇಳಿ ಮಾಡಿಸಿದ ಕುಂಡ. ಒಳಗೊಂದು ಹಳೇ ಗೋಣಿ ಹಾಸಿ ಮಣ್ಣು ತುಂಬಿದರೆ ತೂತಿನಿಂದ ಮಣ್ಣು ಸೋರುವುದಿಲ್ಲ.